ಹೊರನಾಡಿನ ಹಣ: ಕೊಪ್ಪದ ಮೊಮ್ಮಗನಿಗೆ



ನಮ್ಮ ಆಲೆಮನೆಗೆ ಪರದೇಶದ ಹಣ ಬರುವುದೆಂದು ಉಬ್ಬಿ ನೀನು ಬರೆದ ಕಾಗದವನ್ನು ಓದಿದಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಬೇಡವೆಂದು ಆಜ್ಞಾಪಿಸಲು ಬರೆಯುತ್ತಿಲ್ಲ. ಎರಡು ಪಕ್ಷಗಳನ್ನೂ ನಿನ್ನ ಮುಂದಿಡುವೆನು.

ಬೆಂಗಳೂರಿನ ಬ್ಯಾಂಕೊಂದರ ವಿದೇಶೀ ವಿನಿಮಯ ವಿಭಾಗದಲ್ಲಿ ನಾನಿದ್ದಾಗ, ಹೆಚ್ಚಿನ ಬಡ್ಡಿಯನ್ನು ಅರಸಿ ಬಂದ ಅನಿವಾಸಿ ಭಾರತೀಯರ ಠೇವಣಿಗಳನ್ನು ಬರೆದುಕೊಳ್ಳುವುದೇ ನಮ್ಮ ನಿತ್ಯಕರ್ಮವಾಗಿದ್ದಿತು. 1990ರಲ್ಲಿ ಇರಾಕು ಕುವೈತಿನ ಮೇಲೆ ದಂಡೆತ್ತಿ, ಎಣ್ಣೆಯ ಬೆಲೆ ಏರಿ, ದೇಶದ ವಿದೇಶೀ ವಿನಿಮಯದ ಬೊಕ್ಕಸ ಬರಿದಾಗತೊಡಗಿದಾಗ, ಅವೇ ಠೇವಣಿಗಳು ಬಂದುದಕ್ಕಿಂತ ತ್ವರೆಯಿಂದ ಹಿಂದಿರುಗಿದುದನ್ನು ಅದೇ ಮೇಜಿನ ಮುಂದೆ ಕುಳಿತು ಕಂಡೆನು. 1991ರ ಜುಲೈ ಮೊದಲ ಮೂರು ದಿನಗಳಲ್ಲಿ ರೂಪಾಯಿಯ ಮೌಲ್ಯವನ್ನು ಎರಡು ಬಾರಿ ಇಳಿಸಲಾಯಿತು. ಆ ತಿಂಗಳೇ ಸುಮಾರು 47 ಟನ್ ಚಿನ್ನ ಒತ್ತೆಗಾಗಿ ಲಂಡನ್ನಿಗೆ ಹೊರಟಿತು. ಅಂದು ನಮ್ಮ ವಿಭಾಗದಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ.

ನಮ್ಮದು ದೊಡ್ಡ ದೇಶ, ತಾಳಿಕೊಂಡಿತು. ಚಿಕ್ಕ ದೇಶದೊಳಗೆ ಹೊರಗಿನ ಹಣ ನುಗ್ಗಿದರೆ ಅಲ್ಲಿನ ನಾಣ್ಯ ಬಲಿತು ರಫ್ತು ಸೊರಗುವುದು, ನೆಲದ ಬೆಲೆ ಅತಿಯಾಗುವುದು. ಹಣ ಹಿಂದಿರುಗುವ ಗಳಿಗೆಯನ್ನು ನಿಶ್ಚಯಿಸುವವರು ಬೇರೆಡೆ ಇರುವರು. 1997ರ ಜುಲೈ 2ರಂದು ಥಾಯ್ಲೆಂಡು ತನ್ನ ಬಾಟ್ ನಾಣ್ಯಕ್ಕೆ ಡಾಲರಿನೊಡನಿದ್ದ ಕಟ್ಟನ್ನು ಬಿಟ್ಟುಕೊಟ್ಟ ಕೆಲವೇ ತಿಂಗಳಲ್ಲಿ, ಡಾಲರಿನಲ್ಲಿ ಸಾಲಮಾಡಿ ಬಾಟಿನಲ್ಲಿ ಸಂಪಾದಿಸುತ್ತಿದ್ದವರ ಋಣ, ಹೊಸದಾಗಿ ಏನನ್ನೂ ಪಡೆಯದೆಯೇ, ಬಾಟಿನ ಲೆಕ್ಕದಲ್ಲಿ ಇಮ್ಮಡಿಯಾಯಿತು. ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಯಲ್ಲಿ ರೂಪಾಯಿಗೆ ಮಾರಿ ಸಾಲವನ್ನು ಡಾಲರಿನಲ್ಲಿ ತೀರಿಸುವೆನೆನ್ನುವೆಯಲ್ಲ, ಇದು ಓದಿದವನು ಆಡುವ ಮಾತೇ? ಇದನ್ನು ಸಾಹಸವೆನ್ನಲಾರೆ, ಅವಿವೇಕವೆನ್ನುವೆನು.

ಕಟುವಾಗಿ ಬರೆದೆನು, ನೊಂದುಕೊಳ್ಳಬೇಡ. ಹೊರಗಿನ ಹಣದಿಂದ ಒಳಿತೂ ಆಗಿದೆ. ಕೋಲಾರದ ಚಿನ್ನದ ಗಣಿಗಳಿಗೆ ಆಂಗ್ಲರು ಬಂಡವಾಳ ಹೂಡಿದರು; ಲಾಭಾಂಶ ಲಂಡನ್ನಿಗೆ ಹೋಯಿತು, ಮೈಸೂರು ಸಂಸ್ಥಾನಕ್ಕೆ ರಾಜಧನ ದಕ್ಕಿತು. ಆದರೆ ಆ ಗಣಿಗಳಿಗೆ ಬೇಕಾಗಿದ್ದ ವಿದ್ಯುತ್ತನ್ನೇ ನಿಮಿತ್ತಮಾಡಿಕೊಂಡು ದಿವಾನ್ ಶೇಷಾದ್ರಿ ಅಯ್ಯರ್ ಅವರು ನಮ್ಮ ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ ಸಂಸ್ಥಾನದ ಸ್ವತ್ತಾಗಿಯೇ ವಿದ್ಯುದಾಗಾರವನ್ನು ಆರಂಭಿಸಿದರು. 1902ರಲ್ಲಿ ಕೋಲಾರಕ್ಕೂ 1905ರಲ್ಲಿ ಬೆಂಗಳೂರಿಗೂ ಅಲ್ಲಿಂದ ವಿದ್ಯುತ್ತು ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದುದೂ ಸರ್ಕಾರದ ಮತ್ತು ರೈತರ ಷೇರುಗಳಿಂದ. ನನ್ನ ತಂದೆ ಆ ಷೇರುಪತ್ರವನ್ನು ಹೊಲದ ಪತ್ರಗಳೊಡನೆ ಒಂದೇ ಗಂಟಿನಲ್ಲಿಟ್ಟಿದ್ದರು.

ಆದುದರಿಂದ ಮೊದಲು ಊರಿನ ಬೆಳೆಗಾರರನ್ನು ಪಾಲುದಾರರನ್ನಾಗಿ ಕೂಡಿಸು. ಹೊರಗಿನವರ ಹಣ ಬೇಕೇ ಆದರೆ ಅದು ಯಂತ್ರವಾಗಿ ಬಂದು ನಿಲ್ಲಲಿ, ತೀರಿಕೆ ರೂಪಾಯಿಯಲ್ಲಿರಲಿ. ಕರಾರಿಗೆ ರುಜು ಹಾಕುವ ಮೊದಲು ಅದರ ನಕಲನ್ನು ನನಗೆ ಕಳುಹಿಸು.