ಹುಣಸೆ ಮರದ ಹಾಲಕ್ಕಿ



ಗೂಬೆ ಕೂಗುವುದನ್ನು ನೀವು ಕೇಳಿದ್ದೀರಾ? ಕೇಳಿದಾಗ ಏನು ಮಾಡಿದಿರಿ? ಕಲ್ಲು ಒಗೆದಿರಾ? ಬಾಗಿಲು ಹಾಕಿಕೊಂಡಿರಾ?

ನಾವೂ ಹಾಗೆಯೇ ಮಾಡುತ್ತಿದ್ದೆವು. ನಮ್ಮದು ರಾಯಚೂರು ತಾಲೂಕಿನ ಮಟಮಾರಿ. ಹತ್ತಿ, ತೊಗರಿ, ಜೋಳ ಬೆಳೆಯುವ ಸೀಮೆ. ರೈಲು ಹಾಯುವ ಊರು. ಸಂಜೆ ಕೆಲಸ ಮುಗಿಸಿ ನಾವು ಹತ್ತು ಮಂದಿ ಓದು ಬರಹಕ್ಕೆ ಕೂಡುತ್ತೇವೆ. ಕೂಡುವ ಕಟ್ಟೆಯ ಎದುರಿಗೆ ಒಂದು ಹಳೆಯ ಹುಣಸೆ ಮರ ಇದೆ. ಅದರ ಬೊಡ್ಡೆಯಲ್ಲಿ ಎರಡಾಳು ಎತ್ತರಕ್ಕೆ ಒಂದು ಪೊಟರೆ. ಆ ಪೊಟರೆಯಲ್ಲಿ ಒಂದು ಜೋಡಿ ಹಕ್ಕಿ ಬಂದು ಸೇರಿದವು. ಅವುಗಳ ಕಥೆಯೇ ಈ ಪಾಠ.

ಗೂಬೆಯ ಮೇಲೆ ಗೂಬೆ

ಆಗ ಶಿವರಾತ್ರಿ ಹತ್ತಿರ ಬಂದಿತ್ತು. ಹೊತ್ತು ಮುಳುಗಿದೊಡನೆ ಮರದಲ್ಲಿ ಚಿರ್ ಚಿರ್ ಎಂದು ಜಗಳವಾಡಿದಂತೆ ಸದ್ದು. ಅದೇ ವಾರ ಎದುರು ಮನೆಯ ಕೂಸಿಗೆ ಜ್ವರ ಬಂತು. ಮನೆಯ ಹಿರಿಯವ್ವ ಹೇಳಿದಳು:

"ಗೂಬಿ ಕೂಗಾಕ ಹತ್ತಿದ ಮ್ಯಾಲೇ ಕೂಸಿಗೆ ಜ್ವರ ಬಂದೈತಿ. ಪೊಟರ್ಯಾಗ ಹೊಗಿ ಹಾಕ್ರಿ."

ಇನ್ನೊಂದು ಮಾತೂ ಅಂದಳು. "ಈ ಸಣ್ಣ ಸೊಸಿ ಕಾಲಿಟ್ಟಾಗಿಂದ ಹಿಂಗ ಒಂದಲ್ಲ ಒಂದು."

ಸಣ್ಣ ಸೊಸೆ ನಮ್ಮ ಜೊತೆ ಓದಲು ಬರುವವಳು. ತಲೆ ತಗ್ಗಿಸಿ ನಿಂತಳು. ಅವಳೇನು ಮಾಡಿದ್ದಳು? ಏನೂ ಇಲ್ಲ. ಹಕ್ಕಿ ಏನು ಮಾಡಿತ್ತು? ಅದೂ ಏನೂ ಇಲ್ಲ.

ತಪ್ಪು ಮಾಡದವರ ಮೇಲೆ ತಪ್ಪು ಹೊರಿಸಿದರೆ 'ತಲೆ ಮೇಲೆ ಗೂಬೆ ಕೂರಿಸಿದರು' ಅನ್ನುತ್ತೇವೆ. ಮಳೆ ಬರದಿದ್ದರೆ, ಎತ್ತು ಸತ್ತರೆ, ಹೊಸ ಸೊಸೆಯ ಕಾಲ್ಗುಣ ಅನ್ನುತ್ತೇವೆ. ಪಾಪ, ಗೂಬೆಯ ತಲೆ ಮೇಲೂ ನಾವು ಗೂಬೆ ಕೂರಿಸಿದ್ದೇವೆ!

ನಾವು ಎಲ್ಲರೂ ಸೇರಿ ಹೇಳಿದೆವು: "ಯವ್ವಾ, ಮೊದಲು ಕೂಸಿನ್ನ ದವಾಖಾನಿಗೆ ಕರಕೊಂಡು ಹೋಗೋಣು. ಹಕ್ಕಿ ಎಲ್ಲೂ ಓಡಿ ಹೋಗಂಗಿಲ್ಲ. ಬಸವ ಜಯಂತಿ ತನಕ ನೋಡೋಣು. ಅಲ್ಲೀತನಕ ಹೊಗಿ ಬ್ಯಾಡ."

ಕೂಸಿಗೆ ಔಷಧ ಕೊಡಿಸಿದರು. ನಾಲ್ಕು ದಿನಕ್ಕೆ ಕೂಸು ಆಡತೊಡಗಿತು. ಹಕ್ಕಿ ಮಾತ್ರ ಮೊದಲಿನಂತೆ ಕೂಗುತ್ತಲೇ ಇತ್ತು. ಇದನ್ನು ನಾವು ಗಮನಿಸಿದೆವು. ಕೂಗಿದ್ದಕ್ಕೆ ಜ್ವರ ಬಂದಿದ್ದರೆ, ಕೂಗು ನಿಲ್ಲದೆ ಜ್ವರ ಹೇಗೆ ಬಿಟ್ಟಿತು?

ಇದು ಯಾವ ಹಕ್ಕಿ?

ಸಣ್ಣ ಸೊಸೆಯ ಹತ್ತಿರ ಮೊಬೈಲ್ ಫೋನ್ ಇತ್ತು. ಅದರಲ್ಲಿ ಅವಳು ದೂರದಿಂದ ಒಂದು ಚಿತ್ರ ತೆಗೆದಳು. ಚಿತ್ರ ಮಸುಕು. ಆದರೂ ಹಕ್ಕಿ ಕಂಡಿತು. ಒಂದು ಗೇಣು ಉದ್ದ. ಕಂದು ಮೈ. ಮೈ ತುಂಬ ಬಿಳಿ ಚುಕ್ಕೆ. ಬಿಳಿ ಹುಬ್ಬು. ದುಂಡನೆಯ ಹಳದಿ ಕಣ್ಣು.

ಇದರ ಹೆಸರು ಹಾಲಕ್ಕಿ. ಗೂಬೆಯ ಜಾತಿಯಲ್ಲಿ ಇದು ಸಣ್ಣದು. ನಸುಕಿನಲ್ಲಿ ಬುಡಬುಡಿಕೆಯವರು ಬಂದು ಹಾಲಕ್ಕಿ ನುಡಿ ಹೇಳುತ್ತಾರಲ್ಲ, ಅದೇ ಹಾಲಕ್ಕಿ. ಅವರು ಹಾಲಕ್ಕಿ ನುಡಿಯಿತು ಅಂದರೆ ಜೋಳ ಹಾಕುತ್ತೇವೆ. ಅದೇ ಹಕ್ಕಿ ನಮ್ಮ ಮರದಲ್ಲಿ ಕೂಗಿದರೆ ಕಲ್ಲು ಒಗೆಯುತ್ತೇವೆ. ಬಂಗಾಳದ ಕಡೆ ಗೂಬೆಯನ್ನು ಲಕ್ಷ್ಮಿಯ ವಾಹನ ಎಂದು ಪೂಜೆ ಮಾಡುತ್ತಾರೆ. ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಅಪಶಕುನ. ಹಕ್ಕಿ ಒಂದೇ. ಬದಲಾದದ್ದು ನಮ್ಮ ಮಾತು.

ಚಿತ್ರ ತೆಗೆಯಲು ನಾವು ಮಾಡಿಕೊಂಡ ಕಟ್ಟಳೆ

ಹಕ್ಕಿಯ ಚಿತ್ರ ತೆಗೆಯುವವರು ಹಕ್ಕಿಗೆ ಕಾಣದಂತೆ ಮರೆಯಲ್ಲಿ ಕೂಡುತ್ತಾರೆ. ನಾವು ಮಣ್ಣಿನ ಬಣ್ಣದ ಒಂದು ಹಳೆಯ ಸೀರೆಯನ್ನು ಎರಡು ಗಳಕ್ಕೆ ಕಟ್ಟಿದೆವು. ಅದೇ ನಮ್ಮ ಮರೆ. ಮರದಿಂದ ಇಪ್ಪತ್ತು ಹೆಜ್ಜೆ ದೂರ. ಒಬ್ಬರೇ ಕೂಡುವುದು. ಉಳಿದವರು ಕಟ್ಟೆಯ ಮೇಲೆ ಓದುವುದು.

ಕಟ್ಟಳೆ ಹೀಗಿದ್ದವು:

1. ಮರ ಹತ್ತಬಾರದು. ಪೊಟರೆಯೊಳಗೆ ಇಣುಕಬಾರದು.
2. ಚಿತ್ರ ಚೆನ್ನಾಗಿ ಬರಲಿ ಎಂದು ಟೊಂಗೆ ಕಡಿಯಬಾರದು. ಆ ಟೊಂಗೆ ಮರಿಗಳಿಗೆ ನೆರಳು. ಹದ್ದು, ಕಾಗೆಯ ಕಣ್ಣಿಗೆ ಮರೆ.
3. ರಾತ್ರಿ ಫ್ಲ್ಯಾಶ್ ಬೆಳಕು ಹಾಕಬಾರದು. ಹೊತ್ತು ಮುಳುಗುವ ಮುಂಚಿನ ಬೆಳಕೇ ಸಾಕು.
4. ಹಕ್ಕಿ ತಲೆಯನ್ನು ಮೇಲೆ ಕೆಳಗೆ ಆಡಿಸಿ ನಮ್ಮನ್ನೇ ದಿಟ್ಟಿಸಿದರೆ ಅದಕ್ಕೆ ಅಂಜಿಕೆ ಆಗಿದೆ ಎಂದು ಅರ್ಥ. ಆಗ ಎದ್ದು ಬರಬೇಕು.
5. ಗೂಡು ಎಲ್ಲಿದೆ ಎಂದು ಹೊರಗಿನವರಿಗೆ ಹೇಳಬಾರದು.

ಐದನೆಯ ಕಟ್ಟಳೆ ಯಾಕೆ? ದೀಪಾವಳಿ ಹೊತ್ತಿನಲ್ಲಿ ಮಾಟ ಮಂತ್ರಕ್ಕೆಂದು ಗೂಬೆ ಹಿಡಿದು ಮಾರುವವರು ಇದ್ದಾರೆ. ಅದಕ್ಕೇ ಈ ಪಾಠದಲ್ಲಿಯೂ ಯಾವ ಓಣಿ ಎಂದು ನಾವು ಬರೆದಿಲ್ಲ.

ಗೂಡಿನ ಹತ್ತಿರ ಹೋಗುವುದು ಹಕ್ಕಿಗೂ ಕೇಡು, ನಮಗೂ ಕೇಡು. ಇಂಗ್ಲೆಂಡಿನಲ್ಲಿ ಎರಿಕ್ ಹಾಸ್ಕಿಂಗ್ ಎಂಬ ಹೆಸರಾದ ಛಾಯಾಗ್ರಾಹಕರಿದ್ದರು. 1937ರಲ್ಲಿ ಅವರು ಗೂಬೆಯ ಚಿತ್ರ ತೆಗೆಯಲು ಹೋದಾಗ ಗೂಬೆ ಎರಗಿ ಉಗುರಿನಿಂದ ಕಣ್ಣಿಗೆ ಹೊಡೆಯಿತು. ಅವರ ಎಡಗಣ್ಣು ಹೋಯಿತು. ಆದರೂ ಅವರು ಹಕ್ಕಿಯ ಮೇಲೆ ಹಗೆ ಸಾಧಿಸಲಿಲ್ಲ. ಮುಂದೆಯೂ ಬಹಳ ವರ್ಷ ಹಕ್ಕಿಗಳ ಚಿತ್ರ ತೆಗೆದರು. ಮರಿ ಇರುವ ತಾಯಿಯ ಹತ್ತಿರ ಹೋದರೆ ಸುಮ್ಮನೆ ಬಿಡುತ್ತಾಳೆಯೇ?

ನಮ್ಮ ಕರ್ನಾಟಕದಲ್ಲಿಯೂ ಇಂಥವರಿದ್ದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ಮಂತ್ರಿಯಾಗಿದ್ದವರು. ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರ ತೆಗೆದು ಹೆಸರಾದರು. ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದು ಹಕ್ಕಿಗಳ ಬಗ್ಗೆ ಪುಸ್ತಕವನ್ನೂ ಬರೆದರು. ಅವರ ಹತ್ತಿರ ಒಳ್ಳೆಯ ಕ್ಯಾಮೆರಾ ಇತ್ತು. ನಮ್ಮ ಹತ್ತಿರ ಇದ್ದದ್ದು ಒಂದು ಮೊಬೈಲ್, ಒಂದು ನೋಟ್ ಬುಕ್. ಆದರೆ ಕಾದು ಕೂಡುವ ತಾಳ್ಮೆ ನಮಗೂ ಉಂಟು. ರೊಟ್ಟಿ ಬಡಿಯುವವರಿಗೆ, ಹತ್ತಿ ಬಿಡಿಸುವವರಿಗೆ ತಾಳ್ಮೆ ಯಾರು ಕಲಿಸಬೇಕು?

ಶಿವರಾತ್ರಿಯಿಂದ ಯುಗಾದಿಗೆ

ಶಿವರಾತ್ರಿ ಆದ ಮೇಲೆ ಎರಡರಲ್ಲಿ ಒಂದೇ ಹಕ್ಕಿ ಹೊರಗೆ ಕಾಣುತ್ತಿತ್ತು. ಇನ್ನೊಂದು ಪೊಟರೆಯೊಳಗೆ ಕಾವು ಕೊಡುತ್ತಿತ್ತು. ಹಾಲಕ್ಕಿ ಸಾಮಾನ್ಯವಾಗಿ ಮೂರು ನಾಲ್ಕು ಬಿಳಿ ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳು ಕಾವು ಬೇಕು. ಹೊರಗಿನ ಹಕ್ಕಿ ಹೊತ್ತು ಮುಳುಗಿದ ಮೇಲೆ ಬಾಯಲ್ಲಿ ಹುಳ ಹಿಡಿದು ಬರುತ್ತಿತ್ತು. ಪೊಟರೆಗೆ ಕೊಟ್ಟು ಮತ್ತೆ ಹಾರುತ್ತಿತ್ತು.

ಸಣ್ಣ ಸೊಸೆ ನೋಟ್ ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯತೊಡಗಿದಳು. ಮೊದಲ ದಿನ ಬರೆದದ್ದು ಎರಡೇ ಮಾತು: 'ಹಕ್ಕಿ ಬಂತು.' ಅಷ್ಟು ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಯುಗಾದಿ ಬರುವ ಹೊತ್ತಿಗೆ ದಿನಕ್ಕೆ ಮೂರು ಸಾಲು ಬರೆಯುತ್ತಿದ್ದಳು.

ಯುಗಾದಿಯಿಂದ ಬಸವ ಜಯಂತಿಗೆ

ಯುಗಾದಿಯ ಬೇವು ಬೆಲ್ಲ ತಿಂದ ವಾರದಲ್ಲಿ ಹಕ್ಕಿಗಳ ಓಡಾಟ ಹೆಚ್ಚಾಯಿತು. ಈಗ ಎರಡೂ ಬೇಟೆಗೆ ಹೋಗುತ್ತಿದ್ದವು. ಒಂದು ಸಂಜೆ ಕತ್ತಲಾಗುವ ಮುಂಚೆ ಏಳು ಸಲ ಬಂದು ಹೋದವು. ಮೊದಲು ಮಿಡತೆ, ಜೀರುಂಡೆ. ಆಮೇಲೆ ಹಲ್ಲಿ, ಇಲಿಮರಿ.

ಬಿಸಿಲು ಏರಿತು. ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಒಂದು ಸಂಜೆ ಪೊಟರೆಯ ಬಾಯಲ್ಲಿ ಒಂದು ಮುಖ ಕಂಡಿತು. ಹತ್ತಿಯ ಉಂಡೆಯಂಥ ಮುಖ, ಎರಡು ಹಳದಿ ಕಣ್ಣು. ಮರುದಿನ ಎರಡು ಮುಖ. ಮೂರು ದಿನ ಬಿಟ್ಟು ಮೂರನೆಯದು ಕಂಡಿತು. ಅದು ಬಹಳ ಸಣ್ಣದು. ಗೂಬೆಗಳು ಎಲ್ಲ ಮೊಟ್ಟೆ ಇಟ್ಟು ಮುಗಿಯುವ ಮುಂಚೆಯೇ ಕಾವಿಗೆ ಕೂಡುತ್ತವೆ. ಅದಕ್ಕೆ ಮರಿಗಳು ಒಂದೇ ದಿನ ಹೊರಬರುವುದಿಲ್ಲ. ಮೊದಲು ಬಂದದ್ದು ದೊಡ್ಡದು, ಕೊನೆಗೆ ಬಂದದ್ದು ಸಣ್ಣದು.

ಒಂದು ದಿನ ನೋಟ್ ಬುಕ್ಕಿನಲ್ಲಿ ಹೀಗೆ ಬರೆದಿತ್ತು: 'ನಿನ್ನೆ ಮೂರು ಇದ್ದವು. ಇವತ್ತು ಎರಡು.'

ಮರುದಿನವೂ ಎರಡೇ. ಸಣ್ಣದು ಮತ್ತೆ ಕಾಣಲಿಲ್ಲ. ಊಟ ಸಾಲದಾದಾಗ ದೊಡ್ಡ ಮರಿಗಳು ಮುಂದೆ ನುಗ್ಗಿ ತಿನ್ನುತ್ತವೆ, ಸಣ್ಣದು ಸೊರಗುತ್ತದೆ. ಗೂಬೆಗಳಲ್ಲಿ ಇದು ಆಗುವಂಥದ್ದು. ನಮ್ಮಲ್ಲಿ ಕೂಸು ಕಳಕೊಂಡವರು ಇದ್ದರು. ಆ ಸಂಜೆ ಯಾರೂ ಬಹಳ ಮಾತಾಡಲಿಲ್ಲ. ಹಿರಿಯವ್ವ ಮಾತ್ರ ಅಂದಳು: "ಅದೂ ತಾಯಿ ಅಲ್ಲೇನವ್ವ." ಅಂದು ನಾವು ಯಾರ ತಲೆ ಮೇಲೂ ಗೂಬೆ ಕೂರಿಸಲಿಲ್ಲ.

ಬಸವ ಜಯಂತಿಯ ಹೊತ್ತಿಗೆ ಎರಡೂ ಮರಿ ಟೊಂಗೆಗೆ ಬಂದವು. ಸಾಲಾಗಿ ನಾಲ್ಕು ಹಕ್ಕಿ ಕೂತ ಚಿತ್ರ ನಮಗೆ ಸಿಕ್ಕಿತು. ಮರಿಗಳು ಹಾರಲು ಕಲಿತರೂ ಇನ್ನೂ ಕೆಲವು ವಾರ ತಂದೆ ತಾಯಿಯೇ ಉಣಿಸುತ್ತವೆ. ಬೇಟೆ ಕಲಿಯುವುದು ಒಂದೇ ದಿನದ ಮಾತಲ್ಲ. ಅಕ್ಷರ ಕಲಿತಂತೆಯೇ.

ಮರದ ಕೆಳಗೆ ಸಿಕ್ಕ ಸಾಕ್ಷಿ

ಗೂಬೆಗಳು ಬೇಟೆಯನ್ನು ನುಂಗುತ್ತವೆ. ಅರಗದ ಎಲುಬು, ಕೂದಲು, ಹುಳದ ರೆಕ್ಕೆಗಳನ್ನು ಉಂಡೆ ಮಾಡಿ ಬಾಯಿಂದ ಕಕ್ಕುತ್ತವೆ. ಮರಿಗಳು ಹಾರಿದ ಮೇಲೆ ಮರದ ಕೆಳಗೆ ಇಂಥ ಉಂಡೆ ಸಿಕ್ಕವು. ಕಡ್ಡಿಯಿಂದ ಬಿಡಿಸಿ ನೋಡಿದೆವು. ಜೀರುಂಡೆಯ ಹೊಳೆಯುವ ರೆಕ್ಕೆ ಚೂರು. ಇಲಿಯ ಸಣ್ಣ ದವಡೆ, ಹಲ್ಲು ಸಮೇತ. ಕೈ ತೊಳೆದುಕೊಂಡು ಬಂದು ಅದನ್ನೂ ಬರೆದೆವು.

ಇಲಿ ಎಂದರೆ ರೈತರ ವೈರಿ. ಮಾನ್ವಿ ಕಡೆ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಇಲಿಯ ಕಾಟ ಕೇಳಿರಿ. ಪಾಳು ಗೋಡೆಯಲ್ಲಿ ಇರುವ ಬಿಳಿ ಮುಖದ ಕಣಜ ಗೂಬೆಗೆ ಇಲಿಯೇ ಮುಖ್ಯ ಊಟ. ಇಸ್ರೇಲ್ ದೇಶದಲ್ಲಿ 1983ರಲ್ಲಿ ರೈತರು ಹೊಲದಲ್ಲಿ ಕಣಜ ಗೂಬೆಗೆಂದು ಪೆಟ್ಟಿಗೆ ಇಡಲು ತೊಡಗಿದರು. ಇಲಿ ಪಾಷಾಣದ ಬಳಕೆ ಕಡಿಮೆ ಮಾಡುವುದು ಅವರ ಉದ್ದೇಶ. ಮುಂದೆ ಪಕ್ಕದ ಜೋರ್ಡಾನ್ ದೇಶದವರೂ ಅದರಲ್ಲಿ ಕೂಡಿಕೊಂಡರು. ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯಬಹುದು. ಆಗ ಉಳಿದ ಇಲಿಗಳನ್ನು ಹಿಡಿಯುವವರು ಯಾರು?

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಗೂಬೆಗಳಿಗೆ ಈ ಕಾಯ್ದೆಯ ರಕ್ಷಣೆ ಉಂಟು. ಗೂಬೆಯನ್ನು ಕೊಲ್ಲುವುದು, ಹಿಡಿಯುವುದು, ಮಾರುವುದು ಅಪರಾಧ. ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದೂ ಅಪರಾಧ. ಜೈಲು, ದಂಡ ಆಗಬಹುದು. ಯಾರಾದರೂ ಹಿಡಿದು ಮಾರುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಟ್ಟೆಯ ಮೇಲೆ ಚಿತ್ರ

ಎಲ್ಲ ಮುಗಿದ ಮೇಲೆ ಏಳು ಚಿತ್ರಗಳನ್ನು ರಾಯಚೂರಿನಲ್ಲಿ ಕಾಗದಕ್ಕೆ ಹಾಕಿಸಿ ತಂದೆವು. ಒಂದು ರಟ್ಟಿಗೆ ಅಂಟಿಸಿದೆವು. ಕೆಳಗೆ ಸಣ್ಣ ಸೊಸೆ ತನ್ನ ಕೈಯಿಂದ ಹೆಸರು, ತಾರೀಖು ಬರೆದಳು. ಕಟ್ಟೆಯ ಮೇಲೆ ಇಟ್ಟೆವು. ಓಣಿಯವರು ಬಂದು ನೋಡಿದರು. ಕವಣೆ ಹಿಡಿದು ತಿರುಗುವ ಹುಡುಗರೂ ನೋಡಿದರು.

ಹಿರಿಯವ್ವ ಚಿತ್ರದ ಹತ್ತಿರ ಬಗ್ಗಿ ಕೇಳಿದಳು: "ಇದರ ಕೆಳಗ ಏನು ಬರದೀಯವ್ವ?"

ಸೊಸೆ ಬೆರಳಿಟ್ಟು ಓದಿ ಹೇಳಿದಳು. ಅತ್ತೆ ಇನ್ನೊಂದು ಚಿತ್ರ ತೋರಿಸಿದಳು. ಅದನ್ನೂ ಓದಿಸಿಕೊಂಡಳು. ಏಳೂ ಓದಿಸಿಕೊಂಡಳು. ಹೊಗೆಯ ಮಾತು ಮತ್ತೆ ಬರಲಿಲ್ಲ. ಕಾಲ್ಗುಣದ ಮಾತು ಪೂರಾ ನಿಂತಿತು ಎಂದು ನಾವು ಹೇಳುವುದಿಲ್ಲ. ಆದರೆ ಯಾರಾದರೂ ಅಂದರೆ, "ನೀ ನೋಡೀಯೇನು? ಬರದಿಟ್ಟೀಯೇನು?" ಎಂದು ಈಗ ನಾವು ಕೇಳುತ್ತೇವೆ.

ಹುಣಸೆ ಮರ ಹಾಗೇ ಇದೆ. ಪೊಟರೆಯೂ ಇದೆ. ಹಾಲಕ್ಕಿ ಈಗಲೂ ಕೂಗುತ್ತದೆ. ಕೂಗಲಿ ಬಿಡಿ.

ಹೊಸ ಮಾತುಗಳು

ಪೊಟರೆ – ಮರದ ಬೊಡ್ಡೆಯಲ್ಲಿರುವ ತೂತು
ಕಟ್ಟಳೆ – ಎಲ್ಲರೂ ಸೇರಿ ಮಾಡಿಕೊಂಡ ನಿಯಮ
ಛಾಯಾಗ್ರಾಹಕ – ಫೋಟೋ ತೆಗೆಯುವವರು
ಪಾಷಾಣ – ವಿಷ

ಕೂಡಿ ಮಾತಾಡೋಣ

1. ಕೂಸಿನ ಜ್ವರಕ್ಕೂ ಹಕ್ಕಿಯ ಕೂಗಿಗೂ ಸಂಬಂಧ ಇಲ್ಲ ಎಂದು ಹೇಗೆ ಗೊತ್ತಾಯಿತು?
2. ಮರಿ ಇರುವ ಗೂಡಿನ ಹತ್ತಿರ ಯಾಕೆ ಹೋಗಬಾರದು?
3. ನಿಮ್ಮ ಊರಿನಲ್ಲಿ ಯಾರ ಯಾರ ತಲೆ ಮೇಲೆ ಗೂಬೆ ಕೂರಿಸುತ್ತಾರೆ?

ಬರೆಯೋಣ

ನಿಮ್ಮ ಮನೆಯ ಹತ್ತಿರ ಒಂದು ಹಕ್ಕಿಯನ್ನು ಏಳು ದಿನ ದೂರದಿಂದ ನೋಡಿರಿ. ದಿನಕ್ಕೆ ಒಂದು ಸಾಲು ಬರೆಯಿರಿ. ತಾರೀಖು ಹಾಕಲು ಮರೆಯಬೇಡಿರಿ.