ಸ್ಟೀರಿಂಗ್ ಪಂಪಿನ ಲೆಕ್ಕ

ಪವರ್ ಸ್ಟೀರಿಂಗ್ ಎಣ್ಣೆ ಸೋರುತ್ತಿದ್ದರೂ ಆಗಾಗ ಒಂದಿಷ್ಟು ಸುರಿದು ಗಾಡಿ ಓಡಿಸುವವರನ್ನು ಬಹಳ ನೋಡಿದ್ದೇನೆ. ಅದರಲ್ಲಿ ಉಳಿತಾಯ ಇಲ್ಲ. ಡಬ್ಬಿಯಲ್ಲಿ ಎಣ್ಣೆ ಇಳಿದು ಪಂಪು ಗಾಳಿ ಎಳೆಯತೊಡಗಿದರೆ ಒಳಗೆಲ್ಲ ತೇಯುತ್ತದೆ, ಆ ಲೋಹದ ಪುಡಿ ಎಣ್ಣೆಯ ಜತೆ ಚಕ್ರ ತಿರುಗಿಸುವ ರ‍್ಯಾಕಿಗೆ ಸೇರುತ್ತದೆ. ರ‍್ಯಾಕು ಪಂಪಿಗಿಂತ ಬಹಳ ತುಟ್ಟಿ. ಪುಣೆಯ ಕಾತ್ರಜದಲ್ಲಿರುವ ನಮಗಂತೂ ದುಡ್ಡಿಗಿಂತ ದೊಡ್ಡ ಭಯವಿದೆ: ಸಾತಾರಾ ಕಡೆಯಿಂದ ಬಂದು ಹಳೆಯ ಘಾಟಿನ ತಿರುವು ಇಳಿಯುವಾಗ ಸ್ಟೀರಿಂಗ್ ಬಿಗಿಯಾದರೆ ಗತಿಯೇನು?

ನಮ್ಮದು 2012ರ ಡೀಸೆಲ್ ಗಾಡಿ. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಕರೆಂಟಿನ ಸ್ಟೀರಿಂಗ್, ಎಣ್ಣೆಯ ಗೊಡವೆಯೇ ಇಲ್ಲ. ಕ್ವಾಲಿಸ್, ಹಳೆಯ ಇನ್ನೋವಾ ಕಾಲದ ಗಾಡಿಗಳಲ್ಲಿ ಎಂಜಿನ್ನಿನ ಬೆಲ್ಟೇ ಪಂಪನ್ನು ತಿರುಗಿಸುತ್ತದೆ. ನಮ್ಮ ಗಾಡಿಯಲ್ಲೂ ಎಣ್ಣೆ ಸೋರತೊಡಗಿದಾಗ ಗ್ಯಾರೇಜೊಂದು ಕೊಟ್ಟ ಅಂದಾಜು ಸುಮಾರು 14,000 ರೂಪಾಯಿ. ಅದರಲ್ಲಿ ಕೂಲಿಯ ಪಾಲು ಕಡಿಮೆ, ಮುಕ್ಕಾಲಿಗೂ ಹೆಚ್ಚು ಬಿಡಿಭಾಗದ್ದೇ. ಹೀಗಿದ್ದಾಗ ಯಾವ ಭಾಗ ಬೇಕು, ಯಾವುದು ಬೇಡ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ದುಡ್ಡು ಉಳಿಯುವುದು ಅಲ್ಲೇ.

ಪಂಪಿನ ಸುತ್ತ ಧೂಳು ಎಣ್ಣೆ ಕೂಡಿ ಮೆತ್ತಿಕೊಂಡಿತ್ತು. ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು, ಒರೆಸಿ, ಎಂಜಿನ್ ಚಾಲೂ ಮಾಡಿ ಮಗನಿಗೆ ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಲು ಹೇಳಿದೆ. ಪೈಪಿನ ಜೋಡಣೆ ಒಣಗಿಯೇ ಇತ್ತು. ಪುಲ್ಲಿಯ ಹಿಂದೆ, ಶಾಫ್ಟಿನ ಬುಡದಲ್ಲಿ ಒಂದು ಕೆಂಪು ಹನಿ ಮೂಡಿ ನಿಧಾನ ಜಾರಿತು. ಪೈಪಿನಿಂದ ಬಂದಿದ್ದರೆ ಬರೀ ತಾಮ್ರದ ವಾಷರಿನಲ್ಲಿ ಕೆಲಸ ಮುಗಿಯುತ್ತಿತ್ತು. ಶಾಫ್ಟಿನ ಸೀಲು ಹೋಗಿದ್ದರೆ ಕೆಲವು ನೂರು ರೂಪಾಯಿಯ ಸೀಲ್ ಕಿಟ್ ಸಿಗುತ್ತದೆ. ಆದರೆ ಪಂಪು ಬಿಚ್ಚಿ, ಸೀಲು ತೆಗೆದು ಶಾಫ್ಟಿನ ಮೇಲೆ ಉಗುರು ಆಡಿಸಿದಾಗ ಸೀಲು ಕೂರುವ ಜಾಗದಲ್ಲೇ ಗೆರೆ ಸಿಕ್ಕಿತು. ಅಂಥ ಶಾಫ್ಟಿಗೆ ಹೊಸ ಸೀಲು ಹಾಕಿದರೂ ನಿಲ್ಲದು. ಹೊಸ ಪಂಪೇ ಬೇಕು.

ಪಕ್ಕದ ಓಣಿಯಲ್ಲಿ ವಿಜಯಪುರ ಕಡೆಯ ಮೆಕ್ಯಾನಿಕ್ ಹುಡುಗನಿದ್ದಾನೆ. ನೋಡಿ ಹೇಳಿದ: "ಕಾಕಾ, ಪಂಪ್ ಹಾಕ್ರಿ, ಆದ್ರ ಹಳೀ ಎಣ್ಣಿ ಒಂದ್ ಹನಿ ಸೈತ ಉಳಿಸಬ್ಯಾಡ್ರಿ." ಅವನ ಮಾತು ಲಕ್ಷ ರೂಪಾಯಿಯದು. ಹಳೆಯ ಎಣ್ಣೆಯ ಕೊಳೆ ಹೊಸ ಪಂಪನ್ನೂ ತಿನ್ನುತ್ತದೆ.

ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಪಂಪು, ಬೆಲ್ಟು, ವಾಷರು, ಎಣ್ಣೆ ಎಲ್ಲ ಸೇರಿ ಸುಮಾರು 8,000ಕ್ಕೆ ಮುಗಿಸಿದೆ. ಹಳೆಯ ಪಂಪನ್ನು ಕೈಯಲ್ಲೇ ಹಿಡಿದು ಹೋಗಿ, ಅದರ ಮೇಲಿನ ನಂಬರ್ ತಾಳೆ ನೋಡಿ. ಪಕ್ಕಾ ಬಿಲ್ಲನ್ನೇ ಕೇಳಿ, ಇಲ್ಲದಿದ್ದರೆ ವಾರಂಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ 18. ಹಿಂದೆ ಬಹುಪಾಲು ಭಾಗಗಳಿಗೆ ಶೇ 28 ಇತ್ತು. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಜೋಡಿಸುವುದು ಕಷ್ಟವಲ್ಲ, ಗಾಳಿ ತೆಗೆಯುವುದಕ್ಕೆ ತಾಳ್ಮೆ ಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಗಾಡಿಯಡಿ ಕೈ ಹಾಕಲೇಬಾರದು. ಎಂಜಿನ್ ಬಂದ್ ಇಟ್ಟು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುತ್ತ, ಗುಳ್ಳೆ ನಿಲ್ಲುವವರೆಗೆ ಎಣ್ಣೆ ತುಂಬಬೇಕು. ಚಾಲೂ ಮಾಡಿದ ಮೇಲೂ ನೊರೆ ಬಂದರೆ ಗಾಳಿ ಉಳಿದಿದೆ ಎಂದರ್ಥ. ಯಾವ ಎಣ್ಣೆ ಎಂಬುದು ಗಾಡಿಯ ಕೈಪಿಡಿಯಲ್ಲಿದೆ, ಅಂಗಡಿಯವ ಕೊಟ್ಟದ್ದೇ ಆಗಬೇಕಿಲ್ಲ.

ವಿಮೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಸವೆತಕ್ಕೂ ಯಂತ್ರ ಕೆಟ್ಟದ್ದಕ್ಕೂ ಸಾಮಾನ್ಯ ವಾಹನ ಪಾಲಿಸಿ ಹಣ ಕೊಡುವುದಿಲ್ಲ. ಉಳಿದ 6,000ಕ್ಕೆ ನನ್ನಲ್ಲಿ ಆಗಲೇ ಕೆಲಸವಿದೆ. 2027ಕ್ಕೆ ಗಾಡಿಗೆ ಹದಿನೈದು ವರ್ಷ ತುಂಬುತ್ತದೆ. ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ 2022ರ ಏಪ್ರಿಲ್‌ನಿಂದ 600ರಿಂದ 5,000ಕ್ಕೆ ಏರಿಸಿದೆ, ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ಹಾಗಾಗಿ ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಟ್ಟಿದ್ದೇನೆ. ರ‍್ಯಾಕು ಸೋರಿದರೆ ಮಾತ್ರ ನಾನು ಕೈ ಹಾಕುವುದಿಲ್ಲ, ಗ್ಯಾರೇಜಿಗೇ ಒಯ್ಯುತ್ತೇನೆ.