ಹೆಸರಿನ ನೆಲೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಜಾಲಹಳ್ಳಿ ಎಂಬ ಊರಿದೆ. ಬೆಂಗಳೂರಿನಲ್ಲಿಯೂ ಜಾಲಹಳ್ಳಿ ಎಂಬ ಬಡಾವಣೆಯಿದೆ. ದೇವದುರ್ಗದ ಪೇಟೆಯಲ್ಲಿ ನಿಂತು ‘ಜಾಲಹಳ್ಳಿಗೆ ಹೋಗಬೇಕು’ ಎಂದವನನ್ನು ಯಾರೂ ಬೆಂಗಳೂರಿನ ದಾರಿಗೆ ಹಚ್ಚುವುದಿಲ್ಲ. ಹೆಸರು ಒಂದೇ ಆದರೂ, ಅದನ್ನು ನುಡಿದ ನೆಲೆಯಿಂದ ಅದರ ಅರ್ಥ ನಿಶ್ಚಯವಾಗುತ್ತದೆ. ಬೆಂಗಳೂರಿನಲ್ಲಿದ್ದು ಈ ಊರನ್ನು ಸೂಚಿಸಬೇಕಾದವನು ‘ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ’ ಎಂದು ಪೂರ್ಣವಾಗಿ ಹೇಳಬೇಕಾಗುತ್ತದೆ.

ಹೊಲಗಳ ಸರ್ವೆ ನಂಬರಿನ ರೀತಿಯೂ ಇದೇ. ಪ್ರತಿ ಗ್ರಾಮದಲ್ಲಿಯೂ ಈ ಎಣಿಕೆ 1ರಿಂದ ಮೊದಲಾಗುತ್ತದೆ. ಆದುದರಿಂದ 12ನೆಯ ನಂಬರಿನ ಹೊಲ ಮಾನ್ವಿ ತಾಲ್ಲೂಕಿನ ಗ್ರಾಮದಲ್ಲಿಯೂ ಇರುತ್ತದೆ, ದೇವದುರ್ಗ ತಾಲ್ಲೂಕಿನ ಗ್ರಾಮದಲ್ಲಿಯೂ ಇರುತ್ತದೆ. ಪಹಣಿಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಮೊದಲು ಬರೆಯುವುದು ಇದಕ್ಕಾಗಿಯೇ. 2000ದ ಸುಮಾರಿಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರದೊಳಗೆ ಸೇರಿದವು. ಹೆಸರನ್ನು ಸರಿಯಾಗಿ ಗುರುತಿಸುವ ಹೊಣೆ ಅಲ್ಲಿಗೆ ಯಂತ್ರಕ್ಕೂ ಬಂದಿತು.

ಗಣಕಯಂತ್ರಕ್ಕೆ ತಿಳಿಯುವುದು 0 ಮತ್ತು 1ರ ಸಂಕೇತ ಮಾತ್ರ. ಮನುಷ್ಯನು ಬರೆದ ಕ್ರಮವಿಧಿಯನ್ನು ಆ ಸಂಕೇತಕ್ಕೆ ಪರಿವರ್ತಿಸುವ ಸಾಧನವೇ ಕಂಪೈಲರ್. ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯ ಕಂಪೈಲರನ್ನು 1957ರಲ್ಲಿ ಹೊರತಂದರು. 1960ರ ಆಲ್ಗಾಲ್ ಭಾಷೆಯಲ್ಲಿ ಕ್ರಮವಿಧಿಯನ್ನು ಒಂದರೊಳಗೊಂದು ಅಡಗುವ ಖಂಡಗಳಾಗಿ ಬರೆಯುವ ಪದ್ಧತಿ ನೆಲೆಗೊಂಡಿತು. ಒಂದು ಖಂಡದಲ್ಲಿ ಇಟ್ಟ ಹೆಸರು ಆ ಖಂಡದೊಳಗೆ ಮಾತ್ರ ಸಲ್ಲುತ್ತದೆ. ಈ ಎಲ್ಲೆಗೆ ‘ವ್ಯಾಪ್ತಿ’ ಎಂದು ಹೆಸರು.

ಕ್ರಮವಿಧಿಯಲ್ಲಿ ಒಂದು ಹೆಸರು ಎದುರಾದಾಗ ಕಂಪೈಲರ್ ಅದನ್ನು ಮೊದಲು ಅತ್ಯಂತ ಒಳಗಿನ ಖಂಡದಲ್ಲಿ ಹುಡುಕುತ್ತದೆ. ಅಲ್ಲಿ ಸಿಕ್ಕದಿದ್ದರೆ ಅದರ ಹೊರಗಿನ ಖಂಡಕ್ಕೆ, ಮತ್ತೆ ಅದರ ಹೊರಗಿನದಕ್ಕೆ ಸಾಗುತ್ತದೆ. ಮೊದಲು ಸಿಕ್ಕ ಹೆಸರೇ ಪ್ರಮಾಣ. ಹೊರಗಿರುವ ಅದೇ ಹೆಸರು ಅದರ ಹಿಂದೆ ಮರೆಯಾಗುತ್ತದೆ. ಎಲ್ಲಿಯೂ ಸಿಕ್ಕದಿದ್ದರೆ ಕಂಪೈಲರ್ ಊಹಿಸಹೋಗದೆ ದೋಷವನ್ನು ಸಾರುತ್ತದೆ.

ಹೆಸರು ಸಿಕ್ಕರೆ ಸಾಲದು, ಅದು ಯಾವ ಬಗೆಯ ವಸ್ತುವನ್ನು ಸೂಚಿಸುತ್ತದೆಂಬುದೂ ತಿಳಿಯಬೇಕು. ಸರ್ವೆ ನಂಬರನ್ನು ಅಂಕಿಯಲ್ಲಿ ಬರೆದರೂ ಅದು ಗುರುತೇ ಹೊರತು ಪ್ರಮಾಣವಲ್ಲ. ಎರಡು ಸರ್ವೆ ನಂಬರುಗಳನ್ನು ಕೂಡಿಸುವುದರಲ್ಲಿ ಅರ್ಥವಿಲ್ಲ. ವಿಸ್ತೀರ್ಣವನ್ನು ಕೂಡಿಸಬಹುದು, ಆದರೆ ಅದರ ನಿಯಮವೇ ಬೇರೆ. 40 ಗುಂಟೆಗೆ ಒಂದು ಎಕರೆ. ಆದುದರಿಂದ 2 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿದರೆ 4 ಎಕರೆ 10 ಗುಂಟೆಯಾಗುತ್ತದೆ. ಕ್ರಮವಿಧಿಯನ್ನು ಬರೆಯುವವನು ಇಂತಹ ಪ್ರತಿಯೊಂದು ಬಗೆಗೂ ಒಂದು ಹೆಸರಿಟ್ಟು, ಅದರ ನಿಯಮಗಳನ್ನು ತಿಳಿಸುತ್ತಾನೆ. ಆಮೇಲೆ ಯಾರಾದರೂ ಸರ್ವೆ ನಂಬರಿಗೆ ವಿಸ್ತೀರ್ಣವನ್ನು ಕೂಡಿಸಹೊರಟರೆ ಕಂಪೈಲರ್ ತಡೆಯುತ್ತದೆ.

ಬಗೆಗಳ ಹೆಸರಿಗೂ ವ್ಯಾಪ್ತಿಯುಂಟು. ಹೊಲದ ವಿಸ್ತೀರ್ಣ ಎಕರೆ ಗುಂಟೆಗಳಲ್ಲಿದ್ದರೆ, ರಾಯಚೂರು ನಗರದ ನಿವೇಶನದ ವಿಸ್ತೀರ್ಣ ಚದರ ಅಡಿಗಳಲ್ಲಿರುತ್ತದೆ. ಸಿ++ ಭಾಷೆಯಲ್ಲಿ ಇವನ್ನು ‘ಹೊಲ::ವಿಸ್ತೀರ್ಣ’, ‘ನಿವೇಶನ::ವಿಸ್ತೀರ್ಣ’ ಎಂಬ ರೀತಿಯಲ್ಲಿ ಬೇರ್ಪಡಿಸಬಹುದು. ನಡುವಣ ನಾಲ್ಕು ಚುಕ್ಕೆಗಳು ‘ದೇವದುರ್ಗ ತಾಲ್ಲೂಕಿನ’ ಎಂಬ ಮಾತು ಮಾಡುವ ಕೆಲಸವನ್ನೇ ಮಾಡುತ್ತವೆ.

ಆದರೆ ಕಂಪೈಲರಿನ ಎಚ್ಚರಕ್ಕೂ ಒಂದು ಮಿತಿಯಿದೆ. ಇಲ್ಲದ ಹೆಸರನ್ನು ಅದು ಹಿಡಿದುಕೊಡುತ್ತದೆ. ಬಗೆ ಹೊಂದದಿದ್ದರೆ ಅದನ್ನೂ ಹಿಡಿದುಕೊಡುತ್ತದೆ. ಹೊರಗಿನ ಹೆಸರನ್ನು ಉದ್ದೇಶಿಸಿದ್ದು, ಅದೇ ಬಗೆಯ ಅದೇ ಹೆಸರು ಒಳಖಂಡದಲ್ಲಿಯೂ ಇದ್ದರೆ, ಅದು ಒಳಗಿನದನ್ನೇ ಒಪ್ಪಿಕೊಂಡು ಮುಂದೆ ಸಾಗುತ್ತದೆ. ದೋಷದ ಸೂಚನೆ ಬರುವುದಿಲ್ಲ. ಫಲಿತಾಂಶ ಮಾತ್ರ ತಪ್ಪಾಗಿರುತ್ತದೆ. ಅಂತಹ ತಪ್ಪು ಪಹಣಿಯಲ್ಲಿ ಆದರೆ ಒಬ್ಬ ರೈತನ ಹೊಲ ಇನ್ನೊಬ್ಬನ ಹೆಸರಿನಲ್ಲಿ ಕಾಣಿಸಿಕೊಂಡೀತು. ಬೆಳೆಸಾಲಕ್ಕೆಂದು ಬ್ಯಾಂಕಿಗೆ ಹೋದವನು ಬರಿಗೈಯಲ್ಲಿ ಮರಳಬೇಕಾದೀತು. ಯಂತ್ರವು ಬರೆದುದನ್ನು ಓದಬಲ್ಲದು, ಬರೆದವನ ಮನಸ್ಸನ್ನು ಓದಲಾರದು. ಸಂಶಯಕ್ಕೆ ಎಡೆಯಿರುವಲ್ಲಿ ಹೆಸರನ್ನು ಅದರ ನೆಲೆಯೊಡನೆ ಪೂರ್ಣವಾಗಿ ಬರೆಯುವುದು ಮನುಷ್ಯನ ಕರ್ತವ್ಯ.